ಪೈಲ್ವಾನನ ಅಕ್ಕ

ಮಂಡಿ ಮೊಹಲ್ಲಾದ ಸೌದೆ ಡಿಪೋಗಳಲ್ಲಿ ಕೊಡಲಿ ಹಿಡಿದು ಸೌದೆ ಸೀಳುವ ಹೆಂಗಸು ಅಂತ ಇದ್ದವಳು ಕೆಂಚಮ್ಮ ಒಬ್ಬಳೇ. ಗಂಡಾಳುಗಳು ಅಂಗಿ ಬಿಚ್ಚಿ ನಿಂತ ಸಾಲಿನಲ್ಲೇ ಇವಳೂ ಸೀರೆಯನ್ನು ಮೊಣಕಾಲ ತನಕ ಎತ್ತಿ ಕಟ್ಟಿ, ತಲೆಗೆ ವಸ್ತ್ರ ಸುತ್ತಿ ನಿಲ್ಲುತ್ತಿದ್ದಳು. ಗಂಟುಬಿದ್ದ ಹುಣಸೆ ಬೊಡ್ಡೆಯನ್ನು ಅವರು ಬೈದು ಪಕ್ಕಕ್ಕೆ ತಳ್ಳಿದರೆ, ಅದನ್ನು ಕಾಲಿನಲ್ಲೇ ಉರುಳಿಸಿಕೊಂಡು ತನ್ನ ಮುಂದಕ್ಕೆ ತರುವಳು. ಮೊದಲ ಏಟು ಹಗುರ, ಎಲ್ಲಿ ಬಿರಿಯುತ್ತೆ ಅಂತ ಕೇಳಿ ನೋಡೋದಕ್ಕೆ. ಅದರ ಮೇಲಿನದು ಬಿತ್ತೆಂದರೆ ಬೊಡ್ಡೆ ಹೋಳು. ಅವಳ ಬಾಯೂ ಹಾಗೇ ಅನ್ನುತ್ತಿದ್ದರು ಮೊಹಲ್ಲಾದವರು.

ಅವಳು ಮೈಸೂರಿಗೆ ಬಂದದ್ದೇ ಒಂದು ಹೊಡೆದಾಟದಿಂದ. ವರುಣದ ಆಚೆಯ ಹಳ್ಳಿಯವಳು. ಅಪ್ಪ ಅವ್ವ ಪ್ಲೇಗಿನಲ್ಲಿ ಒಬ್ಬರ ಹಿಂದೆ ಒಬ್ಬರು ಹೋದಾಗ ತಮ್ಮ ಮರಿಸ್ವಾಮಿಗೆ ಇನ್ನೂ ಹಾಲುಹಲ್ಲು. ಅವನನ್ನು ಸೊಂಟದ ಮೇಲಿಟ್ಟುಕೊಂಡೇ ಗಂಡನ ಮನೆ ಹೊಕ್ಕಳು. ಗಂಡ ಕುಡುಕ. ಅವನು ತನಗೆ ಹೊಡೆದದ್ದನ್ನೆಲ್ಲ ಕೆಂಚಮ್ಮ ತಿಂದಳು. ಕುಡುಗೋಲನ್ನು ಮರಿಸ್ವಾಮಿಯ ಮೇಲೆ ಎತ್ತಿದ ದಿನ ಮಾತ್ರ ಒನಕೆ ತೆಗೆದು ಬೀಸಿದಳು. ಗಂಡನ ಮುಂಗೈ ಮುರಿಯಿತು. ಅವನು ಅಂಗಳದಲ್ಲಿ ಹೊರಳಾಡುತ್ತ ಕಿರುಚುತ್ತಿರುವಾಗಲೇ ತಮ್ಮನ ಕೈ ಹಿಡಿದು ನಡೆದುಬಿಟ್ಟಳು. ತಿರುಗಿ ನೋಡಲಿಲ್ಲ, ಆಮೇಲೂ ಯಾವತ್ತೂ ಹೋಗಲಿಲ್ಲ.

ಅದು ಸ್ವಾತಂತ್ರ್ಯ ಬಂದ ವರ್ಷ. ದೆಹಲಿಯಲ್ಲಿ ಬಾವುಟ ಹಾರಿದರೂ ಮೈಸೂರಿನಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ಚಳವಳಿ ನಡೆಯುತ್ತಲೇ ಇತ್ತು. ಅಕ್ಕ ತಮ್ಮ ಪೇಟೆ ಮುಟ್ಟುವಾಗ ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು. ಪೊಲೀಸರು ಲಾಠಿ ಹಿಡಿದು ಜನರನ್ನು ಅಟ್ಟಿಕೊಂಡು ಬರುತ್ತಿದ್ದರು. ಓಡುವವರ ಜೊತೆ ಇವರೂ ಓಡಿ, ತೆರೆದಿದ್ದ ಒಂದು ಗೇಟಿನೊಳಗೆ ನುಗ್ಗಿ ಸೌದೆ ಒಟ್ಟಿನ ಹಿಂದೆ ಕೂತರು. ಅದು ಚಾಮಯ್ಯನ ಡಿಪೋ. ಅಲ್ಲಿನ ಆಳೊಬ್ಬ ಇವಳ ರಟ್ಟೆಗೆ ಕೈ ಹಾಕಿ ಎಳೆದ. ಕೆಂಚಮ್ಮ ದಿಮ್ಮಿಯಲ್ಲಿ ನೆಟ್ಟಿದ್ದ ಕೊಡಲಿಯನ್ನು ಕಿತ್ತು ತಲೆಯ ಮೇಲೆ ಎತ್ತಿದಳು. ಆಳು ಬಿದ್ದೆನೋ ಎದ್ದೆನೋ ಅಂತ ಓಡಿದ. ಯಜಮಾನ ಚಾಮಯ್ಯ ಗದ್ದಿಗೆಯಿಂದ ಎದ್ದು ಬಂದು ನೋಡಿದ. ಅವನಿಗೆ ನಗು ಬಂತು.

“ಅದನ್ನ ಮನುಷ್ಯರ ಮೇಲೆ ಬೀಸಬ್ಯಾಡ ತಾಯಿ. ಈ ಬೊಡ್ಡೆ ಮೇಲೆ ಬೀಸು, ನೋಡಣ.”

ಬೀಸಿದಳು. ಅವತ್ತಿನಿಂದ ಅವಳು ಡಿಪೋದವಳಾದಳು. ಡಿಪೋದ ಹಿಂದಿನ ಸಾಲಿನಲ್ಲಿ ಒಂದು ಹುಲ್ಲುಮಾಡಿನ ಗುಡಿಸಲೂ ಸಿಕ್ಕಿತು.

ಮರಿಸ್ವಾಮಿ ಸೌದೆ ಹೊತ್ತೇ ಬೆಳೆದ. ಹೆಗಲು ಅಗಲವಾಯಿತು, ಕುತ್ತಿಗೆ ಗೂಳಿಯ ಹಾಗೆ ಸೇರಿಕೊಂಡಿತು. ಬೀದಿಯ ತುದಿಯ ಗರಡಿಯ ಉಸ್ತಾದ್ ಹುಚ್ಚಣ್ಣ ಒಂದು ದಿನ ಅವನು ತುಂಬಿದ ಗಾಡಿಯ ಚಕ್ರವನ್ನು ಹೊಂಡದಿಂದ ಎತ್ತುವುದನ್ನು ನೋಡಿ, ಮರುದಿನವೇ ಗರಡಿಗೆ ಕರೆಸಿಕೊಂಡ. ಹುಚ್ಚಣ್ಣನಿಗೆ ಕಾಳಯ್ಯ ಅಂತ ಸ್ವಂತ ಮಗನಿದ್ದ, ಅವನೂ ಪೈಲ್ವಾನನೇ. ಆದರೂ ಹುಚ್ಚಣ್ಣ ತನ್ನ ಕೈಯಾರೆ ಎಣ್ಣೆ ತೀಡಿದ್ದು ಮರಿಸ್ವಾಮಿಯ ಬೆನ್ನಿಗೆ. ಕೆಂಚಮ್ಮ ಗರಡಿಯೊಳಗೆ ಕಾಲಿಡುವ ಹಾಗಿರಲಿಲ್ಲ, ಹೆಂಗಸರಿಗೆ ಅಲ್ಲಿ ಪ್ರವೇಶವಿಲ್ಲ. ಆದರೆ ತಮ್ಮ ಕೆಂಪು ಮಣ್ಣು ಮೆತ್ತಿಕೊಂಡು ಮನೆಗೆ ಬಂದಾಗ ಆ ಮಣ್ಣಿನ ವಾಸನೆ ಅವಳಿಗೆ ದೇವರ ಮನೆಯ ವಾಸನೆಯ ಹಾಗೆ ಅನ್ನಿಸುತ್ತಿತ್ತು. ಅರಿಶಿನ, ತುಪ್ಪ, ನಿಂಬೆಹಣ್ಣು ಹಾಕಿ ಹದ ಮಾಡಿದ ಮಣ್ಣು ಅದು. ಗರಡಿಯವರು ಮಟ್ಟಿ ಅಂತ ಕರೆದು ಕೈಮುಗಿದೇ ಇಳಿಯುತ್ತಿದ್ದರು.

ಹೀಗಿರುವಾಗ ಒಂದು ವರ್ಷ ದಸರಾ ಕುಸ್ತಿಗೆ ಗರಡಿಯಿಂದ ಯಾರು ಇಳಿಯಬೇಕು ಅನ್ನುವ ಮಾತು ಬಂತು. ಮರಿಸ್ವಾಮಿಯೋ, ಕಾಳಯ್ಯನೋ. ಹುಚ್ಚಣ್ಣ ಇಬ್ಬರನ್ನೂ ಮಟ್ಟಿಗೆ ಇಳಿಸಿದ. ಊರೆಲ್ಲ ಗರಡಿಯ ಮುಂದೆ ಸೇರಿತು. ಕೆಂಚಮ್ಮ ಹೊರಗೆ ಗೋಡೆಗೆ ಬೆನ್ನು ಕೊಟ್ಟು ನಿಂತಳು. ಒಳಗಿನ ಧಪಧಪ ಅವಳ ಬೆನ್ನಿಗೆ ತಾಕುತ್ತಿತ್ತು. ಜನ ಕೂಗಿದರು, ಸೀಟಿ ಕೇಳಿಸಿತು. ಕುಸ್ತಿ ಮುಗಿಯಿತು ಅಂದುಕೊಂಡಳು. ಮತ್ತೆ ಸೀಟಿ. ಮತ್ತೆ ಮತ್ತೆ ಸೀಟಿ. “ಬುಡ್ಲಾ! ಬುಡೋ ಅವನ ಕೈಯ!” ಅಂತ ಹುಚ್ಚಣ್ಣನ ಗಂಟಲು. ಆಮೇಲೆ ಒಣ ಜಾಲಿಯ ಕೊಂಬೆ ಮುರಿದ ಹಾಗೆ ಒಂದು ಸದ್ದು, ಅದರ ಬೆನ್ನಿಗೇ ಕಾಳಯ್ಯನ ಅರಚಾಟ.

ಮರಿಸ್ವಾಮಿ ತಗ್ಗು ಬಾಗಿಲಿನಿಂದ ಬಗ್ಗಿ ಹೊರಗೆ ಬಂದ. ಗೆದ್ದವನ ಮುಖವಾಗಿರಲಿಲ್ಲ ಅದು. ಹಿಂದಿನಿಂದ ಯಾರೋ ಉಗಿದರು. ಕೆಂಚಮ್ಮ ತಮ್ಮನ ಕೆನ್ನೆಗೆ ಒಂದು ಬಾರಿಸಿದಳು.

“ಸೀಟಿ ಊದಿದ್ ಮ್ಯಾಕೂ ಮುರಿಯೋದಾ? ಉಸ್ತಾದನ ಮಗನ ಕೈಯಾ? ಇಷ್ಟು ಸೊಕ್ಕಾ ನಿಂಗೆ?”

“ಬುಟ್ಟಿದ್ದೆ ಕಣಕ್ಕ,” ಅಂದ ಅವನು. “ನಾನು ಬುಟ್ಬುಟ್ಟೆ ಅಂತ್ಲೇ ಅನ್ಕೊಂಡಿದ್ದೆ. ನೋಡಿದ್ರೆ ಬೆರಳು ಇನ್ನೂ ಅಲ್ಲೇ ಹಿಡ್ಕೊಂಡಿದ್ವು.”

ಅವಳು ನಂಬಲಿಲ್ಲ. ಯಾರು ನಂಬುತ್ತಾರೆ? ಮರಿಸ್ವಾಮಿಯನ್ನು ದಸರಾಕ್ಕೆ ಕಳಿಸಲಿಲ್ಲ, ಗರಡಿಗೂ ಕೆಲವು ದಿನ ಬರಬೇಡ ಅಂದರು. ಅಕ್ಕ ತಮ್ಮನ ಜೊತೆ ಮಾತು ಬಿಟ್ಟಳು. ಹಾಗೆ ಮಾತಿಲ್ಲದೆ ಕೂತಿದ್ದ ಒಂದು ಬೆಳಿಗ್ಗೆ, ಒಲೆಯ ಮೇಲೆ ಹೆಸರುಕಾಳು ಬೇಯುತ್ತಿತ್ತು. ಮರಿಸ್ವಾಮಿ ಪಾತ್ರೆಯನ್ನು ಬರಿಗೈಯಲ್ಲಿ ಎತ್ತಿ ಕೆಳಗಿಟ್ಟ. ನಿಧಾನವಾಗಿ, ತಣ್ಣೀರಿನ ಚೊಂಬು ಇಟ್ಟ ಹಾಗೆ. ಕೆಂಚಮ್ಮನ ಮೂಗಿಗೆ ಚರ್ಮ ಸುಟ್ಟ ವಾಸನೆ ಬಡಿಯಿತು. ಎದ್ದು ಅವನ ಕೈ ಹಿಡಿದು ತಿರುಗಿಸಿದಳು. ಅಂಗೈ ಸಿಪ್ಪೆ ಎದ್ದು ಬಂದಿತ್ತು. ಅವನು ಅದನ್ನು ಬೇರೆ ಯಾರದೋ ಕೈ ನೋಡುವ ಹಾಗೆ ನೋಡುತ್ತಿದ್ದ.

“ಉರೀತಿಲ್ವೇನೋ?”

“ಇಲ್ಲ ಕಣಕ್ಕ.”

ಅವಳಿಗೆ ತಾನು ಗರಡಿಯ ಮುಂದೆ ಕೊಟ್ಟ ಪೆಟ್ಟು ನೆನಪಾಗಿ ತನ್ನ ಕೈಯನ್ನೇ ಮುರಿದುಕೊಳ್ಳಬೇಕು ಅನ್ನಿಸಿತು. ಸುಟ್ಟ ಕೈಗೆ ಬಟ್ಟೆ ಸುತ್ತಿ, ಅವನನ್ನು ದೊಡ್ಡಾಸ್ಪತ್ರೆಗೆ ಎಳೆದುಕೊಂಡು ಹೋದಳು.

ಚರ್ಮದ ಡಾಕ್ಟರು ಅನಂತಪದ್ಮನಾಭ ಅಂತ. ತೆಳ್ಳಗೆ, ಹಣೆಯಲ್ಲಿ ಸಣ್ಣ ಅಕ್ಷತೆ, ಮಾತು ಮೆಲ್ಲಗೆ. ಅವರು ಮರಿಸ್ವಾಮಿಯ ಅಂಗಿ ಬಿಚ್ಚಿಸಿ ಬೆನ್ನಿನ ಮೇಲೆ ಮಾಸಿದ ಬಿಳಿ ಮಚ್ಚೆಯೊಂದನ್ನು ನೋಡಿದರು. ಗರಡಿಯ ಮಣ್ಣಿನಡಿಯಲ್ಲಿ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಮೊಣಕೈ ಹಿಂದೆ ಬೆರಳಿಟ್ಟು ನರ ಒತ್ತಿ ನೋಡಿದರು, ಅದು ಹುರಿಹಗ್ಗದ ಹಾಗೆ ದಪ್ಪವಾಗಿತ್ತು. ಕಣ್ಣು ಮುಚ್ಚಿಸಿ, ಬೆರಳಿಗೆ ಸೂಜಿ ಚುಚ್ಚಿ, “ಎಲ್ಲಿ ಮುಟ್ಟಿದೆ ಹೇಳಿ” ಅಂದರು. ಮರಿಸ್ವಾಮಿ, “ಮುಟ್ಟಿ ಸ್ವಾಮಿ, ಆಮ್ಯಾಕೆ ಹೇಳ್ತೀನಿ” ಅಂತ ಕಣ್ಣು ಮುಚ್ಚಿಕೊಂಡೇ ಕಾಯುತ್ತಿದ್ದ. ಸೂಜಿ ಆಗಲೇ ರಕ್ತ ತಂದಿತ್ತು. ಕೆಂಚಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಳು.

ಡಾಕ್ಟರು ಸುತ್ತಿ ಬಳಸಿ ಹೇಳಲಿಲ್ಲ. “ಇದು ಕುಷ್ಠ ಕಣಪ್ಪ,” ಅಂದರು.

ಮರಿಸ್ವಾಮಿ ಎದ್ದು ನಿಂತ. ಪಕ್ಕದಲ್ಲಿ ಔಷಧಿಯ ಗಾಜಿನ ಬೀರು. ಮುಷ್ಟಿ ಕಟ್ಟಿ ಅದಕ್ಕೆ ಗುದ್ದಿದ. ಗಾಜು ಪುಡಿಪುಡಿಯಾಗಿ ಸುರಿಯಿತು, ಸೀಸೆಗಳು ಉರುಳಿದವು, ಕಾಂಪೌಂಡರು ಬಾಗಿಲಿಗೆ ಓಡಿದ. ಮತ್ತೆ ಗುದ್ದಿದ. ಮುಷ್ಟಿಯಲ್ಲಿ ಗಾಜಿನ ಚೂರುಗಳು ನೆಟ್ಟಿದ್ದವು, ರಕ್ತ ಮೊಣಕೈಗೆ ಇಳಿಯುತ್ತಿತ್ತು, ಅವನ ಮುಖದಲ್ಲಿ ನೋವಿನ ಒಂದು ಗೆರೆಯೂ ಇಲ್ಲ. ಅದನ್ನು ಕಂಡು ಅವನಿಗೇ ಹೆದರಿಕೆಯಾಗಿ ಕುಸಿದು ಕೂತ.

ಡಾಕ್ಟರು ತಮ್ಮ ಕುರ್ಚಿಯನ್ನು ಎಳೆದುಕೊಂಡು ಅವನೆದುರು ಕೂತರು. ಬರಿಗೈಯಲ್ಲೇ ಅವನ ಮುಷ್ಟಿ ಬಿಡಿಸಿ, ಚಿಮಟದಿಂದ ಚೂರುಗಳನ್ನು ಒಂದೊಂದಾಗಿ ಕಿತ್ತು ತಟ್ಟೆಗೆ ಹಾಕಿದರು. ಹಾಕುತ್ತಲೇ ಕೆಂಚಮ್ಮನಿಗೆ ಹೇಳಿದರು:

“ಈಗ ಇದಕ್ಕೆ ಗುಳಿಗೆ ಬಂದಿದೆಯಮ್ಮ. ಆದರೆ ಜ್ವರಕ್ಕೆ ನುಂಗಿದ ಹಾಗಲ್ಲ, ವರ್ಷಾನುಗಟ್ಟಲೆ ನುಂಗಬೇಕು. ಬಿಟ್ಟರೆ ಕೆಟ್ಟಿತು. ಮುಟ್ಟಿದ ಮಾತ್ರಕ್ಕೆ ಎಲ್ಲರಿಗೂ ಹತ್ತೋ ರೋಗ ಅಲ್ಲ ಇದು, ಮನೆಯಲ್ಲೇ ಇರಲಿ. ಬೆರಳು ಉದುರೋದು ರೋಗದಿಂದಲ್ಲ, ಗಾಯದಿಂದ. ಇವನಿಗೆ ಗಾಯ ಆಗಿದ್ದು ಗೊತ್ತಾಗಲ್ಲ. ದಿನಾ ಸಂಜೆ ಇವನ ಕೈಕಾಲು ನೋಡೋರು ಒಬ್ಬರು ಬೇಕು.”

“ನಾನ್ ನೋಡ್ತೀನಿ,” ಅಂದಳು ಕೆಂಚಮ್ಮ. ಡಾಕ್ಟರ ಮಾತನ್ನು ಅವಳು ಅರ್ಧ ಕೇಳಿಸಿಕೊಂಡಳೋ ಇಲ್ಲವೋ. ಅವರ ಬರಿಗೈಯನ್ನು ಮಾತ್ರ ನೋಡುತ್ತಿದ್ದಳು. ಬ್ರಾಹ್ಮಣರ ಕೈ ತಮ್ಮನ ರಕ್ತದಲ್ಲಿ ಮುಳುಗಿತ್ತು. ಇವರು ಹೆದರಲಿಲ್ಲ ಅಂದಮೇಲೆ ನಾನ್ಯಾಕೆ ಹೆದರಲಿ ಅಂದುಕೊಂಡಳು.

ಆದರೆ ಮರಿಸ್ವಾಮಿ ಗುಳಿಗೆ ನುಂಗಲಿಲ್ಲ. ಗುಡಿಸಲಿನ ಮೂಲೆಗೆ ಹೋಗಿ ಗೋಡೆಗೆ ಮುಖ ಮಾಡಿ ಕೂತ. ಗುಳಿಗೆ ಕೊಟ್ಟರೆ ಉಗಿದ, ಅನ್ನ ಇಟ್ಟರೆ ತಟ್ಟೆ ಒದ್ದ. “ನೀನು ಹೋಗು. ಎಲ್ಲಾರ ಹೋಗಿ ಬದುಕ್ಕೊ. ನಾನು ಕೊಳ್ತು ಸಾಯೋದ ನೋಡ್ಬ್ಯಾಡ,” ಅಂತ ಕೂಗಾಡಿದ. ಒಂದು ದಿನ ಅವಳು ಬಿಡದೆ ಅವನ ದವಡೆ ಹಿಡಿದು ಬಾಯಿಗೆ ಗುಳಿಗೆ ತುರುಕಲು ಹೋದಾಗ ತಳ್ಳಿಬಿಟ್ಟ. ಅವನಿಗೆ ತಾನು ತಳ್ಳಿದ್ದು ಎಷ್ಟು ಜೋರು ಅಂತ ತಿಳಿಯಲಿಲ್ಲ. ಕೆಂಚಮ್ಮ ಹಾರಿ ಹೋಗಿ ಬೀಸುಕಲ್ಲಿನ ಮೇಲೆ ಬಿದ್ದಳು. ಮುಂದಿನ ಹಲ್ಲು ಮುರಿದು ಬಾಯಿ ತುಂಬ ರಕ್ತ.

ಅವಳು ಅಳಲಿಲ್ಲ. ರಕ್ತ ಉಗಿದು ಎದ್ದಳು. ಒಲೆಯ ಪಕ್ಕದಿಂದ ಸೀಳು ಸೌದೆ ತೆಗೆದುಕೊಂಡು ಅವನ ಹೆಗಲಿಗೆ ಬಾರಿಸಿದಳು.

“ಅವ್ವಾ!” ಅಂತ ಚೀರಿದ ಮರಿಸ್ವಾಮಿ.

“ನೋವಾಯ್ತಾ?”

“ಆಯ್ತು ಕಣೇ ಮುಂಡೆ!”

“ಇಲ್ಲಿ?” ತೊಡೆಗೆ ಒಂದು. ಅವನು ಮತ್ತೆ ಚೀರಿದ. “ಇಲ್ಲಿ?” ಬೆನ್ನಿಗೆ. ಅವನು ಕೈ ಅಡ್ಡ ಮಾಡುತ್ತ ಗುಡಿಸಲಿನ ತುಂಬ ಓಡಿದ, ಮೊಹಲ್ಲಾಕ್ಕೆ ದೊಡ್ಡ ಪೈಲ್ವಾನ. ಅವಳು ಹಿಂದಿನಿಂದ ಬಾರಿಸುತ್ತಲೇ ಬಂದಳು. “ಇಷ್ಟು ಕಡೆ ನೋಯ್ತದಲ್ಲೋ! ಎರಡು ಕೈ ಸತ್ತದ್ದಕ್ಕೆ ಮೈಯೆಲ್ಲಾ ಹೂಳ್ತೀಯಾ? ನುಂಗ್ತೀಯೋ ಇಲ್ವೋ?”

ನುಂಗಿದ. ಅತ್ತುಕೊಂಡೇ ನುಂಗಿದ. ಆಮೇಲೆ ಅವಳ ಮುರಿದ ಹಲ್ಲು ನೋಡಿ ಗೋಡೆಗೆ ತಲೆ ಚಚ್ಚಿಕೊಂಡ, ಅದನ್ನೂ ಅವಳೇ ಹಿಡಿದು ನಿಲ್ಲಿಸಬೇಕಾಯಿತು. ಅವತ್ತಿನ ಸಂಜೆಯಿಂದ ಅವನ ಕಾಲುಗಳನ್ನು ತೊಡೆಯ ಮೇಲಿಟ್ಟುಕೊಂಡು ಮುಳ್ಳು, ಬೊಬ್ಬೆ, ಬಿರುಕು ಹುಡುಕುವುದು ಶುರುವಾಯಿತು. ಅವನು ಮುಖ ತಿರುಗಿಸಿಕೊಂಡು ಕಾಲು ಚಾಚುತ್ತಿದ್ದ. ಸಣ್ಣವನಿದ್ದಾಗ ಮೀಯಿಸಿದ ಕಾಲೇ ತಾನೆ ಅನ್ನುತ್ತಿದ್ದಳು ಅವಳು.

ಸುದ್ದಿ ಬಹಳ ದಿನ ಮುಚ್ಚಿಡುವುದಕ್ಕಾಗಲಿಲ್ಲ. ಕಾಳಯ್ಯ ತನ್ನ ಮುರಿದ ಮಣಿಕಟ್ಟಿನ ಪಟ್ಟಿ ಬಿಚ್ಚಿಸಲು ಅದೇ ಆಸ್ಪತ್ರೆಗೆ ಬಂದವನು, ಕುಷ್ಠದವರ ಸಾಲಿನಲ್ಲಿ ಮರಿಸ್ವಾಮಿ ಕೂತದ್ದನ್ನು ಕಂಡ. ಅಲ್ಲಿಂದ ನೆಟ್ಟಗೆ ಗರಡಿಗೆ ಹೋದ.

ಗರಡಿಯಲ್ಲಿ ಆ ದಿನ ಏನಾಯಿತು ಅನ್ನುವುದನ್ನು ಕೆಂಚಮ್ಮ ಆಮೇಲೆ ಬೇರೆಯವರ ಬಾಯಿಂದ ಕೇಳಿದಳು. ಅವನ ಜೊತೆ ಮೈಗೆ ಮೈ ಉಜ್ಜಿದವರು, ಅವನ ಬೆವರು ಬಿದ್ದ ಮಣ್ಣಿನಲ್ಲಿ ಹೊರಳಾಡಿದವರು, ಬಟ್ಟೆ ಬಿಚ್ಚಿ ಒಬ್ಬರ ಬೆನ್ನು ಒಬ್ಬರು ನೋಡಿಕೊಂಡರಂತೆ. ಸೊಳ್ಳೆ ಕಡಿದ ಗುರುತು ಕಂಡರೂ ಗೋಳೋ ಅಂದರಂತೆ. ಹೆದರಿಕೆ ಸಿಟ್ಟಿಗೆ ತಿರುಗಿತು. ಕೈಮುಗಿದು ಇಳಿಯುತ್ತಿದ್ದ ಮಟ್ಟಿಯನ್ನು ಗುದ್ದಲಿ ಹಾಕಿ ತೋಡಿ ಗಾಡಿಗೆ ತುಂಬಿದರು. ಮಧ್ಯಾಹ್ನದ ಬಿಸಿಲಿನಲ್ಲಿ ಆ ಗಾಡಿಗಳು ಕೆಂಚಮ್ಮನ ಗುಡಿಸಲಿನ ಮುಂದೆ ಬಂದು ನಿಂತವು. ಕೆಂಪು ಮಣ್ಣನ್ನು ಬಾಗಿಲಿಗೇ ಸುರಿದರು. ಹಿಂದೆ ದೊಣ್ಣೆ ಹಿಡಿದ ಜನ.

“ಆಚೆ ಬಾರೋ ಕುಷ್ಠ! ಊರಿಗೆಲ್ಲ ಅಂಟಿಸಕ್ಕೆ ನೋಡ್ತೀಯಾ?” ಅಂತ ಕೂಗಿದವನು ಕಾಳಯ್ಯ. ಬಲಗೈ ಇನ್ನೂ ಸೊಟ್ಟಗೆ ಎದೆಗೆ ಅಂಟಿತ್ತು, ಎಡಗೈಯಲ್ಲಿ ಉರಿಯುವ ಪಂಜು.

ಕೆಂಚಮ್ಮ ಕೊಡಲಿ ಹಿಡಿದು ಬಾಗಿಲಿಗೆ ಬಂದಳು. ಮಣ್ಣಿನ ಗುಡ್ಡೆಯ ಮೇಲೆ ಹತ್ತಿ ನಿಂತಳು. “ಹತ್ರ ಬಂದೋನ ತಲೆ ಹೋಳು ಮಾಡ್ತೀನಿ. ನಾನು ಸೀಳೋದ ನೋಡಿದ್ದೀರಲ್ಲ!”

ಮೊದಲ ಕಲ್ಲು ಅವಳ ಭುಜಕ್ಕೆ ಬಿತ್ತು. ಎರಡನೆಯದೋ ಮೂರನೆಯದೋ ಎಡಗಣ್ಣಿಗೆ. ಲೋಕ ಅರ್ಧ ಕತ್ತಲಾಯಿತು. ಆ ಕತ್ತಲಿನ ಬದಿಯಿಂದ ಕಾಳಯ್ಯ ನುಗ್ಗಿ ಪಂಜನ್ನು ಹುಲ್ಲುಮಾಡಿಗೆ ಎಸೆದ. ಹುಲ್ಲು ಒಣಗಿತ್ತು, ಬುಗ್ಗೆಂದು ಹತ್ತಿಕೊಂಡಿತು. ಕೆಂಚಮ್ಮ ಕೊಡಲಿಯನ್ನು ತಿರುಗಿಸಿ ಹಿಡಿದಳು. ಅಷ್ಟು ಎಚ್ಚರ ಅವಳಿಗಿತ್ತು, ಬಾಯಿಯ ಕಡೆಯಿಂದ ಹೊಡೆಯಲಿಲ್ಲ. ಕೊಡಲಿಯ ಮೊಂಡು ತಲೆಯ ಕಡೆಯಿಂದ ಕಾಳಯ್ಯನ ಮೊಣಕಾಲಿಗೆ ಬೀಸಿದಳು. ಚಿಪ್ಪು ಒಡೆದದ್ದು ಅವಳ ಅಂಗೈಗೆ ತಿಳಿಯಿತು. ಅವನು ಮಟ್ಟಿಯ ಮಣ್ಣಿನ ಮೇಲೆ ಬಿದ್ದು ಒದ್ದಾಡಿದ. ಜನ ದೊಣ್ಣೆ ಎತ್ತಿ ಅವಳ ಮೇಲೆ ಬಿದ್ದರು. ಬೆನ್ನು, ತಲೆ, ಕೈ ಅನ್ನದೆ ಬಡಿದರು.

ಆಗ ಉರಿಯುವ ಬಾಗಿಲಿನಿಂದ ಮರಿಸ್ವಾಮಿ ಹೊರಗೆ ಬಂದ. ಉಟ್ಟಿದ್ದು ಚಡ್ಡಿ ಒಂದೇ. ಕೈಯಲ್ಲಿ ಏನೂ ಇಲ್ಲ, ಬೆರಳಿಗೆ ಸುತ್ತಿದ ಬಟ್ಟೆಗೆ ಕಿಡಿ ಹತ್ತಿ ಹೊಗೆಯಾಡುತ್ತಿದ್ದುದೂ ಅವನಿಗೆ ಗೊತ್ತಿಲ್ಲ. ಎರಡೂ ತೋಳು ಚಾಚಿ ಕುಸ್ತಿಗೆ ಕರೆಯುವ ಹಾಗೆ ನಡೆದು ಬಂದ.

“ಬರ್ರೋ. ಹಿಡೀರೋ. ಯಾರ್ ಹಿಡೀತೀರಿ?”

ದೊಣ್ಣೆಗಳು ಎತ್ತಿದ ಹಾಗೇ ನಿಂತವು. ಅವನು ಒಂದು ಹೆಜ್ಜೆ ಇಟ್ಟರೆ ಜನ ಎರಡು ಹೆಜ್ಜೆ ಹಿಂದೆ. ಅವನ ಕುಸ್ತಿಯ ಪಟ್ಟುಗಳಿಗೆ ಸಿಕ್ಕಿ ಮಣ್ಣು ಮುಕ್ಕಿದವರು, ಅವನನ್ನು ಹೆಗಲ ಮೇಲೆ ಹೊತ್ತು ಕುಣಿದವರು, ಒಬ್ಬರ ಮೇಲೊಬ್ಬರು ಬಿದ್ದು ಹಿಂದೆ ಸರಿದರು. ಮರಿಸ್ವಾಮಿ ಒಬ್ಬನ ಮೇಲೂ ಕೈ ಮಾಡಲಿಲ್ಲ. ಬಗ್ಗಿ ಅಕ್ಕನನ್ನು ಎತ್ತಿ ಹೆಗಲಿಗೆ ಹಾಕಿಕೊಂಡ. ಜನ ದೂರದಿಂದ ಕಲ್ಲು ಬೀರಿದರು. ಕಲ್ಲು ಬೀಳುತ್ತಿದ್ದರೂ ಅವನು ಓಡಲಿಲ್ಲ.

ಬೀದಿಯ ತಿರುವಿನಲ್ಲಿ ಹುಚ್ಚಣ್ಣ ನಿಂತಿದ್ದ. ತಮ್ಮನ ಹೆಗಲಿನಿಂದ ತಲೆಕೆಳಗಾಗಿಯೇ ಕೆಂಚಮ್ಮ ಅವನನ್ನು ಒಂದೇ ಕಣ್ಣಿನಲ್ಲಿ ಕಂಡಳು. ಅವನು ಒಂದು ಮಾತು ಹೇಳಿದ್ದರೆ ಅಷ್ಟೂ ಜನ ದೊಣ್ಣೆ ಕೆಳಗಿಡುತ್ತಿದ್ದರು. ಉಸ್ತಾದ್ ನೆಲ ನೋಡುತ್ತ ನಿಂತಿದ್ದ.

ಕಾಳಯ್ಯನ ಕಾಲು ಮುರಿದದ್ದಕ್ಕೆ ಪೊಲೀಸರು ಕೆಂಚಮ್ಮನನ್ನು ಆಸ್ಪತ್ರೆಯ ಹಾಸಿಗೆಯಿಂದಲೇ ಠಾಣೆಗೆ ಕರೆದೊಯ್ದರು. ಗುಡಿಸಲು ಸುಟ್ಟವರನ್ನು ಯಾರೂ ಕೇಳಲಿಲ್ಲ. ಚಾಮಯ್ಯ ಬಂದು ಜಾಮೀನು ಕೊಟ್ಟು ಬಿಡಿಸಿದ. “ನೀನು ಕೆಲಸಕ್ಕೆ ಬಾ ಕೆಂಚಿ. ಅವನು ಮಾತ್ರ ಗೇಟಿನ ಒಳಕ್ಕೆ ಬ್ಯಾಡ. ಗಿರಾಕಿಗಳು ಸೌದೆ ಮುಟ್ಟಲ್ಲ,” ಅಂದ. ಅವನಿಗೆ ಅವಳು ಬೈಯಲಿಲ್ಲ. ಅಷ್ಟಾದರೂ ಅಂದನಲ್ಲ. ಅವಳ ಎಡಗಣ್ಣು ಹೋಯಿತು. ಆ ಜಾಗ ಗುಳಿಬಿದ್ದು ರೆಪ್ಪೆ ಅಂಟಿಕೊಂಡಿತು.

ಚಾಮುಂಡಿ ಬೆಟ್ಟದ ತಪ್ಪಲಿನಲ್ಲಿ, ಕಲ್ಲು ಕ್ವಾರಿಯವರು ಬಿಟ್ಟುಹೋದ ಒಂದು ಶೆಡ್ಡಿನಲ್ಲಿ ಅಕ್ಕ ತಮ್ಮ ಸೇರಿಕೊಂಡರು. ಅವಳು ಅಲ್ಲಿಂದ ಡಿಪೋಗೆ ನಡೆದೇ ಹೋಗಿ ನಡೆದೇ ಬರುತ್ತಿದ್ದಳು. ಕಣ್ಣು ಒಂದೇ ಆದ್ದರಿಂದ ಮೊದಮೊದಲು ಕೊಡಲಿ ಗುರಿ ತಪ್ಪಿ ಕಾಲಿನ ಪಕ್ಕ ಬೀಳುತ್ತಿತ್ತು. ಬೈದುಕೊಂಡು ಮತ್ತೆ ಎತ್ತುವಳು.

ಗುಳಿಗೆ ಶುರುವಾಗಿ ಸ್ವಲ್ಪ ಕಾಲದ ಮೇಲೆ ರೋಗ ಒಮ್ಮೆ ತಿರುಗಿಬಿತ್ತು. ಜ್ವರ ಕೆಂಡದ ಹಾಗೆ, ಮೈಮೇಲೆ ಕೆಂಪು ಗಂಟುಗಳು. ಏನೂ ತಿಳಿಯದೆ ಸತ್ತಿದ್ದ ಕೈಯ ನರಗಳು ಮೊಣಕೈಯಿಂದ ಕೆಳಕ್ಕೆ ಸೀಳುವ ಹಾಗೆ ನೋಯತೊಡಗಿದವು. ಮರಿಸ್ವಾಮಿ ಕೊಡಲಿ ತೋರಿಸಿ, “ಕಡಿದು ಹಾಕಕ್ಕ, ಇದನ್ನ ಕಡಿದು ಹಾಕು” ಅಂತ ಗೋಗರೆದ. ಒಮ್ಮೆ ಅವಳು ನೀರಿಗೆ ಹೋದಾಗ ತಾನೇ ಕೈಯನ್ನು ಬಂಡೆಯ ಮೇಲಿಟ್ಟು ಇನ್ನೊಂದರಲ್ಲಿ ಕೊಡಲಿ ಎತ್ತಿದ್ದ. ಅವಳು ಕೊಡ ಎಸೆದು ಓಡಿ ಬಂದು ಅವನ ಮೇಲೆ ಬಿದ್ದಳು. ಇಬ್ಬರೂ ಕಲ್ಲಿನ ಮೇಲೆ ಉರುಳಾಡಿದರು. ಅವಳು ಅವನ ತೋಳನ್ನು ಕಚ್ಚಿ ಕೊಡಲಿ ಬಿಡಿಸಿದಳು. ಆಮೇಲೆ ಸೌದೆ ಕಟ್ಟುವ ಹಗ್ಗದಲ್ಲಿ ಅವನನ್ನು ಕಂಬಕ್ಕೆ ಕಟ್ಟಿ, ಹಗ್ಗ ಚರ್ಮಕ್ಕೆ ತಾಗದ ಹಾಗೆ ತನ್ನ ಸೀರೆ ಹರಿದು ಸುತ್ತಿ, ಅನಂತಪದ್ಮನಾಭ ಡಾಕ್ಟರ ಮನೆಗೆ ಓಡಿದಳು. ಡಾಕ್ಟರು ಸೈಕಲ್ಲು ಹತ್ತಿ ಶೆಡ್ಡಿಗೇ ಬಂದರು. ಕಟ್ಟಿಹಾಕಿದ್ದ ಹಾಗೆಯೇ ಅವನಿಗೆ ಸೂಜಿ ಚುಚ್ಚಿದರು, ತೋಳಿಗೆ ದಬ್ಬೆ ಕಟ್ಟಿದರು. “ಇದು ರೋಗ ಸೋಲೋ ಮುಂಚೆ ಮಾಡೋ ಗಲಾಟೆ,” ಅಂದರು. ನೋವು ಇಳಿಯಿತು. ಎರಡು ಬೆರಳು ಮಾತ್ರ ಕೊಕ್ಕೆಯ ಹಾಗೆ ಮಡಚಿ ಹಾಗೇ ಉಳಿದವು.

ಅದಾದ ಮೇಲೂ ಅವನ ಮನಸ್ಸು ಒಂದು ಸಲ ಜಾರಿತು. ಕೆಂಚಮ್ಮ ಕೆಲಸದಿಂದ ಬಂದಾಗ ಶೆಡ್ಡು ಖಾಲಿ. ಬೆಟ್ಟದ ಮೆಟ್ಟಿಲಿನ ಮೇಲೆ, ಯಾತ್ರಿಕರು ಹತ್ತುವ ದಾರಿಯಲ್ಲಿ, ರೋಗದವರ ಸಾಲಿನಲ್ಲಿ ಅವನು ತಟ್ಟೆ ಹಿಡಿದು ಕೂತಿದ್ದ. ಅವಳು ಅವನ ಜುಟ್ಟಿಗೆ ಕೈ ಹಾಕಿದಳು. ಅಷ್ಟು ಯಾತ್ರಿಕರ ಎದುರಿಗೇ ಮೆಟ್ಟಿಲು ಮೆಟ್ಟಿಲಾಗಿ ಕೆಳಕ್ಕೆ ಎಳೆದಳು.

“ಅವ್ರಿಗೆ ಕಾಲ್ ನೋಡೋರಿಲ್ಲ, ಕೂತವ್ರೆ. ನಿಂಗ್ ನಾನಿಲ್ವಾ? ನಾನ್ ಸತ್ತಿದ್ದೀನಾ?”

“ನಿನ್ನ ದುಡಿಮೆ ತಿನ್ನಕ್ಕೆ ನಾಚಿಕೆ ಆಯ್ತದಕ್ಕ.”

“ಹಂಗಾದ್ರೆ ದುಡಿ!”

ದುಡಿಯುವುದಕ್ಕೆ ಯಾರು ಕರೆಯುತ್ತಾರೆ? ಅವಳೇ ದಾರಿ ಮಾಡಿದಳು. ಡಿಪೋದವರು ಬೇಡವೆಂದ ಗಂಟು ಬೊಡ್ಡೆಗಳನ್ನು ಗಾಡಿಯಲ್ಲಿ ತಂದು ಶೆಡ್ಡಿನ ಮುಂದೆ ಒಟ್ಟಿಸಿದಳು. ಕೊಡಲಿಯ ಕಾವಿಗೆ ದಪ್ಪಗೆ ಬಟ್ಟೆ ಸುತ್ತಿ, ಕೊಕ್ಕೆ ಬೆರಳಿಗೆ ಒಗ್ಗುವ ಹಾಗೆ ಚರ್ಮದ ಪಟ್ಟಿ ಹೊಲಿದು ಕೊಟ್ಟಳು. ಮರಿಸ್ವಾಮಿ ಅಲ್ಲಿ ಸೀಳಿದ ಸೌದೆಯನ್ನು ಇಟ್ಟಿಗೆ ಗೂಡಿನವರು ಒಯ್ಯತೊಡಗಿದರು. ಬೆಂಕಿಗೆ ಹೋಗುವ ಸೌದೆ ಯಾರು ಸೀಳಿದರೇನು ಅಂದರು ಅವರು. ಸಂಜೆಗೆ ಅವಳು ಅವನ ಅಂಗೈ ನೋಡುವಳು. ಬೊಬ್ಬೆ ಎದ್ದಿದ್ದರೆ ಮರುದಿನ ಕೊಡಲಿ ಮುಟ್ಟುವ ಹಾಗಿಲ್ಲ. ಅದಕ್ಕೇ ಇಬ್ಬರಿಗೂ ಜಗಳ. ಎಷ್ಟೋ ವರ್ಷ ಆ ಜಗಳ ತಪ್ಪದೆ ನಡೆಯಿತು.

ಅರವತ್ತನೇ ಇಸವಿ ದಾಟಿದ ಮೇಲೆ ಒಂದು ದಿನ ಡಾಕ್ಟರು ಅವನ ಕಿವಿಯ ತುದಿಯಿಂದ ತೆಗೆದ ರಸವನ್ನು ಯಂತ್ರದಲ್ಲಿ ನೋಡಿ, “ಕ್ರಿಮಿ ಇಲ್ಲ. ಹೋದ ಸಲವೂ ಇರಲಿಲ್ಲ. ಇನ್ನು ಸ್ವಲ್ಪ ಕಾಲ ನೋಡಿ ಗುಳಿಗೆ ನಿಲ್ಲಿಸೋಣ,” ಅಂದರು. ಕೆಂಚಮ್ಮ, “ಗುಳಿಗೆ ನಿಂತ್ರೆ ಕಾಲ್ ನೋಡೋದೂ ನಿಲ್ಲಿಸ್ಬೋದಾ?” ಅಂದಳು. “ಅದು ಬದುಕಿರೋ ತನಕ, ಕೆಂಚಮ್ಮ,” ಅಂದರು ಡಾಕ್ಟರು. ಸತ್ತ ನರ ಮತ್ತೆ ಹುಟ್ಟುವುದಿಲ್ಲವಂತೆ.

ಅದೇ ಮಳೆಗಾಲದಲ್ಲಿ ಹುಚ್ಚಣ್ಣ ಹೇಳಿ ಕಳಿಸಿದ. ಲಕ್ವಾ ಹೊಡೆದು ಒಂದು ಮಗ್ಗುಲು ಬಿದ್ದುಹೋಗಿತ್ತು. ಮರಿಸ್ವಾಮಿಯನ್ನು ನೋಡಬೇಕು ಅಂತಿದ್ದನಂತೆ.

“ಹೋಗ್ಬ್ಯಾಡ,” ಅಂದಳು ಕೆಂಚಮ್ಮ. ಮರಿಸ್ವಾಮಿ ಒಗೆದ ಅಂಗಿ ಹಾಕಿಕೊಂಡ. ಅವಳು ಹಲ್ಲು ಕಡಿಯುತ್ತ ಹಿಂದೆ ಹೊರಟಳು.

ಹುಚ್ಚಣ್ಣನ ಮನೆಯ ಜಗಲಿಯಲ್ಲಿ ಕಾಳಯ್ಯ ಕೂತಿದ್ದ. ಸೊಟ್ಟ ಮಣಿಕಟ್ಟು, ಮಡಚದ ಮೊಣಕಾಲು. ಒಂದನ್ನು ತಮ್ಮ ಮುರಿದದ್ದು, ಇನ್ನೊಂದನ್ನು ಅಕ್ಕ. ಕೆಂಚಮ್ಮನಿಗೆ ಅವನನ್ನು ಕಂಡು ಸಿಟ್ಟು ಬರಲಿಲ್ಲ, ಅದು ಬರಲಿಲ್ಲವಲ್ಲ ಅಂತಲೇ ಇರಿಸುಮುರಿಸಾಯಿತು. ಅವನು ಕಾಲು ಎಳೆದುಕೊಂಡು ದಾರಿ ಬಿಟ್ಟ.

ಒಳಗೆ ಮುದುಕ ಚಾಪೆಯ ಮೇಲಿದ್ದ. ಮರಿಸ್ವಾಮಿ ಬಾಗಿಲಲ್ಲೇ ನಿಂತ. ಮುದುಕ ಒಳ್ಳೆಯ ಕೈ ಎತ್ತಿ, “ಬಾರ್ಲಾ” ಅಂದ. ಕೆಂಚಮ್ಮ ಮುಂದೆ ಬಂದು ನಿಂತು ಹೇಳಿಯೇಬಿಟ್ಟಳು:

“ಅವತ್ತು ತಿರುವಿನಲ್ಲಿ ನಿಂತಿದ್ದೆ ನೀನು. ನೆಲ ನೋಡ್ತಿದ್ದೆ. ನನ್ನ ಕಣ್ ಹೋಯ್ತು.”

“ಹೂಂ ಕಣವ್ವ,” ಅಂದ ಹುಚ್ಚಣ್ಣ, ಸೊಟ್ಟ ಬಾಯಿಯಲ್ಲಿ. “ನಿಂತಿದ್ದೆ.”

 ಮರಿಸ್ವಾಮಿ ಚಾಪೆಯ ಪಕ್ಕ ಕೂತು, ಗೋಡೆಯ ಗೂಡಿನಲ್ಲಿದ್ದ ಎಣ್ಣೆಯನ್ನು ಎತ್ತಿಕೊಂಡು, ಮಡಚಿದ ಬೆರಳುಗಳಲ್ಲೇ ಮುದುಕನ ಬಿದ್ದುಹೋದ ಕಾಲನ್ನು ತೀಡತೊಡಗಿದ. ಆ ಕಾಲಿಗೂ ಏನೂ ತಿಳಿಯುತ್ತಿರಲಿಲ್ಲ. ಹುಚ್ಚಣ್ಣ ಕಣ್ಣು ಮುಚ್ಚಿಕೊಂಡ.

ಕಾಳಯ್ಯನ ಹೆಂಡತಿ ಹಿತ್ತಾಳೆ ಲೋಟದಲ್ಲಿ ಮಜ್ಜಿಗೆ ತಂದು ಮರಿಸ್ವಾಮಿಯ ಮುಂದೆ ದೂರದಲ್ಲಿಟ್ಟಳು. ಅವನು ಕುಡಿದ. ಕೆಂಚಮ್ಮ ಕುಡಿಯಲಿಲ್ಲ, ಹಿತ್ತಿಲ ಬಾಗಿಲಿನ ಕಡೆ ಒಂದು ಕಣ್ಣಿಟ್ಟು ನಿಂತಳು. ಅವಳು ಅಂದುಕೊಂಡ ಹಾಗೇ ಆಯಿತು. ಆ ಹೆಂಗಸು ಲೋಟವನ್ನು ಎರಡು ಕಡ್ಡಿಯಲ್ಲಿ ಹಿಡಿದೆತ್ತಿ ಹಿತ್ತಿಲಿಗೆ ಹೋಗಿ ಚರಂಡಿಗೆ ಎಸೆದಳು.

ಕೆಂಚಮ್ಮ ಸೀರೆ ಎತ್ತಿ ಕಟ್ಟಿದಳು. ಚರಂಡಿಗೆ ಇಳಿದು, ಕೆಸರಿನಲ್ಲಿ ಕೈಯಾಡಿಸಿ, ಲೋಟವನ್ನು ಎತ್ತಿಕೊಂಡು ಬಂದಳು. ಬಾವಿಯ ಕಟ್ಟೆಯಲ್ಲಿ ಹುಣಸೆಹುಳಿ ಹಾಕಿ ತಿಕ್ಕಿ ತಿಕ್ಕಿ ತೊಳೆದಳು. ಕಾಳಯ್ಯ ಕುಂಟುತ್ತ ಬಂದ.

“ಅದು ನಮ್ ಮನೇದು.”

“ಎಸೆದ್ರಲ್ಲ.”

“ಎಸೆದ್ರೂ ನಮ್ಮದೇ.”

“ಹಂಗಾದ್ರೆ ಒಳಗೆ ತಗಂಡೋಗಿ ಇಟ್ಕೊ. ತಗಾ,” ಅಂತ ಲೋಟ ಚಾಚಿದಳು. ಕಾಳಯ್ಯನ ಕೈ ಅರ್ಧಕ್ಕೆ ಬಂದು ನಿಂತಿತು. ಅಲ್ಲೇ ನಿಂತು ಹಿಂದಕ್ಕೆ ಹೋಯಿತು. ಕೆಂಚಮ್ಮ ಸ್ವಲ್ಪ ಹೊತ್ತು ಕಾದಳು. ಆಮೇಲೆ ಲೋಟವನ್ನು ಸೆರಗಿಗೆ ಗಂಟು ಹಾಕಿಕೊಂಡಳು.

ದಾರಿಯುದ್ದಕ್ಕೂ ಮರಿಸ್ವಾಮಿ ಬೈದ. “ಮುದುಕ ಸಾಯ್ತಾ ಬಿದ್ದವ್ನೆ, ನೀನು ಲೋಟಕ್ಕೆ ಜಗಳ ಆಡ್ತೀಯಲ್ಲ, ಮಾನ ಮರ್ಯಾದೆ ಬ್ಯಾಡ್ವಾ?” ಅವಳು ಸೆರಗಿನ ಗಂಟನ್ನು ಹಿಡಿದುಕೊಂಡೇ ನಡೆದಳು. ಒಳ್ಳೆಯ ಹಿತ್ತಾಳೆ, ಕೈಗೆ ಭಾರವಾಗಿತ್ತು. ಶೆಡ್ಡಿಗೆ ಬಂದು ಒಲೆ ಹಚ್ಚಿ, ಅದರಲ್ಲೇ ಇಬ್ಬರಿಗೂ ಒಬ್ಬರಾದ ಮೇಲೊಬ್ಬರಿಗೆ ಕಾಫಿ ಸುರಿದಳು. ಮೊದಲು ತಮ್ಮ ಕುಡಿದ, ಅವನು ಇಟ್ಟ ಲೋಟದಲ್ಲೇ ಅವಳು ಕುಡಿದಳು. ಕುಡಿದು, “ಕಾಲ್ ನೀಡು,” ಅಂದಳು.